ಎರಡನೇ ಮಹಡಿಯಲ್ಲೊಂದು ಕುಣಿಮಗ್ಗ

ತಪ್ಪು ನನ್ನದೇ. ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಫ್ರಾನ್ಸ್ ದೇಶದ ಲಿಯೋನ್ ಎಂಬ ಊರಿನಿಂದ ಶಬಾನಾ ಫೋನ್ ಮಾಡಿದ್ದಳು. "ಗಂಗಕ್ಕಾರ, ನಿಮ್ಮ ಮಗ್ಗದ ಅಳತಿ ಹೇಳ್ರಿ. ಚೌಕಟ್ಟು ಇಲ್ಲೇ ಬಡಿಗ್ಯಾರ ಕಡಿಂದ ಮಾಡಸ್ತೇವಿ, ನೀವು ಹಾಸು, ಹಣಗಿ, ಲಾಳಿ ಅಷ್ಟ ತರ್ರಿ." ನಾನು ಇಳಕಲ್ಲಿನ ನಮ್ಮ ಮನೆಯಲ್ಲಿ ಟೇಪು ಹಿಡಿದು ನೆಲದಿಂದ ಮೇಲಕ್ಕೆ ಎಲ್ಲವನ್ನೂ ಅಳೆದೆ. ಎತ್ತರ ಹೇಳಿದೆ, ಅಗಲ ಹೇಳಿದೆ, ಗೂಟ ಎಷ್ಟು ದಪ್ಪ ಇರಬೇಕು ಎಂಬುದನ್ನೂ ಹೇಳಿದೆ. ನೆಲದಿಂದ ಕೆಳಗೆ ಏನಿದೆ ಎಂದು ಹೇಳಲಿಲ್ಲ. ಯಾಕೆ ಹೇಳಬೇಕು? ನಮ್ಮಲ್ಲಿ ನೇಕಾರ ನೆಲದ ಮೇಲೆ ಕೂತು, ಸೊಂಟದಾಳದ ಕುಣಿಯೊಳಗೆ ಕಾಲು ಇಳಿಬಿಟ್ಟು, ಅಲ್ಲಿರುವ ಹಲಗೆಗಳನ್ನು ತುಳಿಯುತ್ತ ನೇಯುತ್ತಾನೆ. ಆದರೆ ಕುಣಿ ಮನೆಯದು, ಮಗ್ಗದ್ದಲ್ಲ. ಮದುವೆಯಾಗಿ ಬಂದ ದಿನದಿಂದ ಅದು ಅಲ್ಲೇ ಇತ್ತು. ಒಲೆ ಕೊಳ್ಳಲು ಹೋದವರು ಅಂಗಡಿಯವನಿಗೆ ಅಡುಗೆಮನೆಯ ನೆಲದ ಬಗ್ಗೆ ಹೇಳುತ್ತಾರೆಯೇ?

ಶಬಾನಾ ಹುನಗುಂದದ ಮಾಸ್ತರರ ಮಗಳು. ಬಟ್ಟೆಯ ವಿನ್ಯಾಸ ಕಲಿಯಲು ಎರಡು ವರ್ಷದಿಂದ ಲಿಯೋನಿನಲ್ಲಿದ್ದಾಳೆ. ಕಲಿಯುವ ಮೊದಲು ಮೂರು ತಿಂಗಳು ನಮ್ಮ ಮನೆಗೆ ಬಂದು ಇಳಕಲ್ ಸೀರೆಯ ಕೆಲಸ ನೋಡಿ ಹೋಗಿದ್ದಳು. ಹೀಗಾಗಿ ಅವಳಿಗೂ ಕುಣಿಯ ನೆನಪಾಗಬೇಕಿತ್ತು, ಆಗಲಿಲ್ಲ. ಆದರೂ ದೋಷದಲ್ಲಿ ದೊಡ್ಡ ಪಾಲು ನನ್ನದೇ ಇರಲಿ, ಆಕೆ ಇನ್ನೂ ಹುಡುಗಿ.

ಸೋಮವಾರ: ದುಡಿಯುವ ಗುಡ್ಡ

ಲಿಯೋನಿನಲ್ಲಿ ಎರಡು ಗುಡ್ಡಗಳಿವೆ. ಒಂದರ ಮೇಲೆ ದೊಡ್ಡ ಇಗರ್ಜಿ ಇದೆ, ಅದು ಪ್ರಾರ್ಥಿಸುವ ಗುಡ್ಡವಂತೆ. ಇನ್ನೊಂದು ದುಡಿಯುವ ಗುಡ್ಡ, ಹಿಂದೆ ರೇಷ್ಮೆ ನೇಕಾರರು ತುಂಬಿದ್ದ ಬಡಾವಣೆ. ಹೆಸರು ಕ್ರುವಾ ರೂಸ್. ಹಿಂದೊಮ್ಮೆ ಅಲ್ಲಿ ಕೆಂಪು ಹಳದಿ ಕಲ್ಲಿನ ಶಿಲುಬೆ ಇತ್ತಂತೆ, ಅದರಿಂದ ಆ ಹೆಸರು. ಕೆಂಪು ಕಲ್ಲಿಗೇ ಹೆಸರಾದ ಇಳಕಲ್ಲಿನವಳು ನಾನು, ಕೆಂಪು ಕಲ್ಲು ಎಂದ ಕೂಡಲೇ ಅರ್ಧ ಊರು ನಮ್ಮದೇ ಅನ್ನಿಸಿತು. ಕೆಲಸಕ್ಕೊಂದು, ದೇವರಿಗೊಂದು ಗುಡ್ಡ ಹಂಚಿಕೊಂಡಿದ್ದೂ ಹಿಡಿಸಿತು. ನಾವು ಮಹಾಕೂಟಕ್ಕೆ ಹೋಗಿ ಕೈಮುಗಿದು ಬರಬೇಕೆಂದರೆ ಒಂದು ದಿನದ ನೇಯ್ಗೆಯೇ ಮುರಿಯುತ್ತದೆ.

ಆ ಗುಡ್ಡದ ಒಂದು ಹಳೆಯ ಕಟ್ಟಡದ ಎರಡನೇ ಮಹಡಿಯಲ್ಲಿ ಒದಿಲ್ ಎಂಬಾಕೆ ಇನ್ನೂ ಕೈಮಗ್ಗದಲ್ಲಿ ರೇಷ್ಮೆ ನೇಯುತ್ತಾಳೆ. ವಯಸ್ಸು ಎಪ್ಪತ್ತರ ಹತ್ತಿರ, ಗಿಡ್ಡ ಕೂದಲು, ಗಟ್ಟಿ ದನಿ, ಕಿವಿಯ ಹಿಂದೆ ಸದಾ ಒಂದು ಪೆನ್ಸಿಲ್ಲು. ಕಂಡ ಕೂಡಲೇ ನನ್ನ ಎರಡೂ ಅಂಗೈ ಹಿಡಿದು ತಿರುವಿ ನೋಡಿದಳು. ಲಾಳಿ ಹಿಡಿದು ಜಡ್ಡುಗಟ್ಟಿದ ಜಾಗದ ಮೇಲೆ ಬೆರಳೊತ್ತಿ, ತನ್ನ ಕೈಯಲ್ಲಿ ಅದೇ ಜಾಗ ತೋರಿಸಿದಳು. ಅಷ್ಟು ಸಾಕಾಯಿತು, ನಾನು ಅವಳನ್ನು ಒದಿಲಕ್ಕ ಎಂದು ಕರೆಯತೊಡಗಿದೆ.

ಅವಳ ಕೋಣೆಯ ಮಾಳಿಗೆಯ ಎತ್ತರ ನೋಡಿ ಕತ್ತು ನೋಯಿತು. ನಮ್ಮ ಮನೆಯ ಮೇಲೆ ಇನ್ನೊಂದು ನಮ್ಮ ಮನೆ ಇಟ್ಟರೂ ಮೇಲೆ ಜಾಗ ಉಳಿಯುತ್ತಿತ್ತು. ಆ ಓಣಿಯ ಎಲ್ಲ ಮನೆಗಳೂ ಹಾಗೇ ಇವೆ. ಇಲ್ಲಿಯ ಮಗ್ಗಗಳು ಬಲು ಎತ್ತರ, ಅವು ನಿಲ್ಲಲಿ ಎಂದೇ ಮನೆಗಳನ್ನು ಅಷ್ಟೆತ್ತರ ಕಟ್ಟಿದರಂತೆ, ಬೆಳಕಿಗೆಂದು ಉದ್ದುದ್ದ ಕಿಟಕಿ ಬಿಟ್ಟರಂತೆ. ನೇಕಾರನ ಹೆಂಡತಿ ಮಕ್ಕಳು ಮಗ್ಗದ ಪಕ್ಕದಲ್ಲಿ ಹಲಗೆಯ ಅಟ್ಟ ಕಟ್ಟಿಕೊಂಡು ಮಲಗುತ್ತಿದ್ದರಂತೆ. ನೇಯ್ದ ರೇಷ್ಮೆ ಮಳೆಗೆ ತೋಯದಿರಲೆಂದು ಮನೆಗಳ ಹೊಟ್ಟೆಯೊಳಗಿಂದಲೇ ದಾರಿಗಳು. ಒಂದು ಓಣಿಯ ಬಾಗಿಲು ಹೊಕ್ಕರೆ ಅಂಗಳ, ಮೆಟ್ಟಿಲು ದಾಟಿ ಇನ್ನೊಂದು ಓಣಿಗೆ ಹೊರಬೀಳುತ್ತೀರಿ. ಸುಮಾರು ಇನ್ನೂರು ವರ್ಷದ ಹಿಂದೆ ಕೂಲಿ ಕಡಿಮೆಯಾಯಿತೆಂದು ನೇಕಾರರು ಎದ್ದು ನಿಂತಾಗ ಸೈನಿಕರು ಬಂದಿದ್ದೂ ಇದೇ ಓಣಿಗಳಿಗೆ. ಅದನ್ನು ಹೇಳುವಾಗ ಒದಿಲಕ್ಕ ನಿನ್ನೆ ಮೊನ್ನೆ ಆದದ್ದೆಂಬಂತೆ ಸಿಟ್ಟಾದಳು.

ಈಗ ಆ ಎತ್ತರದ ಕೋಣೆಗಳಲ್ಲಿ ವಕೀಲರು, ಡಾಕ್ಟರರು, ಸಣ್ಣ ಮಕ್ಕಳ ತಾಯ್ತಂದೆಯರು ಇದ್ದಾರೆ. ಎತ್ತರದ ಮಾಳಿಗೆ ಅವರಿಗೆ ಬಲು ಇಷ್ಟ. ಮಗ್ಗದ ಸಪ್ಪಳ ಮಾತ್ರ ಬೇಡ. ಆ ಕಟ್ಟಡದ ಮನೆಗಳ ಮಾಲೀಕರೆಲ್ಲ ಶನಿವಾರ ಸಂಜೆ ಸಭೆ ಸೇರಿ, ಒದಿಲಕ್ಕನ ಮಗ್ಗ ಅಲ್ಲಿ ನಡೆಯಬೇಕೋ ಬೇಡವೋ ಎಂದು ಕೈಯೆತ್ತಿ ತೀರ್ಮಾನಿಸುವವರಿದ್ದರು. ಬೇಡವೆಂದರೆ ಮಗ್ಗ ಬಿಚ್ಚಬೇಕು. ಶುಕ್ರವಾರ ಎಲ್ಲರನ್ನೂ ಕರೆದು, ಎರಡು ದೇಶದ ಹೆಂಗಸರು ಒಂದೇ ಕೋಣೆಯಲ್ಲಿ ನೇಯುವುದನ್ನು ತೋರಿಸಿ, ಅವರ ಮನಸ್ಸು ಕರಗಿಸಬೇಕೆಂಬುದು ಶಬಾನಾಳ ಉಪಾಯ. ನನ್ನನ್ನು ಕರೆಸಿದ್ದು ಅದಕ್ಕೇ.

ಮಂಗಳವಾರ: ನೆಲ ಅಗೆಯುವಂತಿಲ್ಲ

ಹೊಸ ಚೌಕಟ್ಟು ಚೆನ್ನಾಗಿತ್ತು. ನಾನು ಸುತ್ತ ನೋಡಿ, "ಕುಣಿ ಎಲ್ಲೈತಿ?" ಎಂದೆ.

ಶಬಾನಾ ಬಾಯಿಗೆ ಕೈ ಇಟ್ಟುಕೊಂಡಳು. "ಅಯ್ಯ ನಮ್ಮವ್ವ, ಕುಣಿ."

ಒದಿಲಕ್ಕ, ಏನಾಯಿತು ಎಂದು ಕೇಳಿದಳು. ಶಬಾನಾ ನೆಲ ತೋರಿಸಿ ಕೈಯಿಂದ ಅಗೆದಂತೆ ಮಾಡಿದಳು. ಒದಿಲಕ್ಕ ನಕ್ಕದ್ದು ನಕ್ಕದ್ದೇ. ಆಕೆ ಹೇಳಿದ್ದನ್ನು ಶಬಾನಾ ನನಗೆ ಹೇಳಿದಳು: "ಅಗೀರಿ ಅಗೀರಿ, ಕೆಳಗಿನ ಮನಿ ಮುದುಕನ ಹಾಸಿಗಿ ಮ್ಯಾಲ ಕಾಲು ಬರ್ತಾವ, ಅಂತಾರ್ರಿ."

ಒಂದು ಮಾತು ಇಲ್ಲೇ ಹೇಳಬೇಕು. ಅಲ್ಲಿ ನಾನು ಕೇಳಿದ ಫ್ರೆಂಚ್ ಎಲ್ಲ ಶಬಾನಾಳ ಬಾಯಿಂದ ಬಂದದ್ದು, ಹೀಗಾಗಿ ನನ್ನ ಪಾಲಿಗೆ ಆ ದೇಶದವರೆಲ್ಲ ಹುನಗುಂದದವರೇ. ಅದರಿಂದ ನನಗೆ ಅನುಕೂಲವೇ ಆಯಿತು.

ನಾನು ಕುರ್ಚಿಯ ಮೇಲೆ ಕೂತು ನೋಡಿದೆ, ಬೆನ್ನು ಬಗ್ಗಲಿಲ್ಲ. ನೆಲದ ಮೇಲೆ ಕೂತು ಕಾಲು ಚಾಚಿದೆ, ತುಳಿಯಲು ಏನೂ ಇಲ್ಲ. ಮೂವತ್ತು ವರ್ಷ ನೇಯ್ದವಳು, ಏಳು ಸಮುದ್ರ ದಾಟಿ ಬಂದು ಕಾಲಿಗೆ ಜಾಗ ಇಲ್ಲವೆಂದು ಕೂತಿದ್ದೆ. ಅಳು ಬರುವಂತಾಯಿತು, ಸಿಟ್ಟೂ ಬಂತು, ಸಿಟ್ಟು ನನ್ನ ಮೇಲೇ. ಆಗ ಮಾಳಿಗೆಯತ್ತ ಕಣ್ಣು ಹೋಯಿತು.

"ಶಬಾನಾ, ಇವರು ಮ್ಯಾಲಿನ ಜಾಗ ಏನ್ಮಾಡ್ತಾರ?"

"ಏನಿಲ್ರಿ ಅಕ್ಕಾರ, ಹಂಗ ಐತಿ."

"ಹಂಗಾರ ನೆಲಾ ಮ್ಯಾಲ ತಗೋರಿ. ಕುಣಿ ತಾನ ಆಗ್ತೈತಿ."

ಸಂಜೆಯೊಳಗೆ ಬಡಿಗ ಬಂದು ಸೊಂಟದೆತ್ತರ ಹಲಗೆಯ ಕಟ್ಟೆ ಕಟ್ಟಿದ. ನಡುವೆ ಕಾಲಿಳಿಸಲು ತೂತು, ಒಳಗೆ ತುಳಿಯುವ ಹಲಗೆಗಳು, ಕಟ್ಟೆಯ ಮೇಲೆ ಚೌಕಟ್ಟು. ಹಲಗೆ ಸಾಲದೆ ಒದಿಲಕ್ಕನ ಎರಡು ಹಳೆಯ ಬಾಗಿಲುಗಳನ್ನೂ ಹಾಕಿದ. ಊರಿನಿಂದ ಹೊರಟಾಗ ಅಮೀನಗಡದಲ್ಲಿ ಬಸ್ಸು ನಿಂತಲ್ಲಿ ಕೊಂಡಿದ್ದ, ಅಂಟು ಬೆಲ್ಲದ ಸಿಹಿ ಕರದಂಟನ್ನು ಅವನಿಗೆ ಕೊಟ್ಟೆ. ಅಂಟಿಗೆ ಹಲ್ಲು ಸಿಕ್ಕಿ ಸ್ವಲ್ಪ ಹೊತ್ತು ಮಾತು ನಿಂತಿತು, ಬಿಡಿಸಿಕೊಂಡ ಮೇಲೆ ಇನ್ನೊಂದು ಕೇಳಿದ.

ಬುಧವಾರ: ಕೋಲಿನವರು

ಒಡಲಿನ ಹಾಸಿನ ಉದ್ದೆಳೆಗಳಿಗೆ ಸೆರಗಿನ ಹಾಸಿನ ಎಳೆಗಳನ್ನು ಕೊಂಡಿ ಹಾಕಿ ಜೋಡಿಸುವುದೇ ಇಳಕಲ್ ಸೀರೆಯ ಗುಟ್ಟು. ಒಂದೊಂದು ಎಳೆಗೂ ಒಂದೊಂದು ಕುಣಿಕೆ, ಸಾವಿರಾರು ಎಳೆ. ಒದಿಲಕ್ಕ ಕನ್ನಡಕ ಹಾಕಿಕೊಂಡು ಪಕ್ಕದಲ್ಲಿ ಕೂತಳು. ಅರ್ಧ ತಾಸು ನೋಡಿ ಕೈ ಹಚ್ಚಿದಳು, ನೂರು ಎಳೆ ಕಳೆಯುವಷ್ಟರಲ್ಲಿ ನನ್ನ ಸಮಕ್ಕೆ ಬಂದಳು. ಸೊಸೆಗೆ ಕಲಿಸಲು ನನಗೆ ಎರಡು ವರ್ಷ ಹಿಡಿದಿತ್ತು.

ಮಧ್ಯಾಹ್ನ ನಾಲ್ಕು ಗೇಣು ನೇಯ್ದು ನೋಡೋಣವೆಂದು ಲಾಳಿ ಎಸೆದೆ. ಪಕ್ಕದಲ್ಲಿ ಒದಿಲಕ್ಕನ ಮಗ್ಗವೂ ಶುರುವಾಯಿತು. ಐದು ನಿಮಿಷ ಆಗಿತ್ತೋ ಇಲ್ಲವೋ, ಕೆಳಗಿನಿಂದ ಧಡ್ ಧಡ್ ಎಂದು ಕೋಲಿನಿಂದ ಬಡಿದರು. ಒದಿಲಕ್ಕ ಏನೋ ಬೈದು ಇನ್ನೂ ಜೋರಾಗಿ ತುಳಿದಳು. ಮತ್ತೆ ಧಡ್ ಧಡ್.

ಅದು ಕೆಳಗಿನ ಮನೆಯ ಮುದುಕ. ಸಭೆಗೆ ಅರ್ಜಿ ಬರೆದವರೂ ಅವರೇ. ಒಂದು ಬೇಕರಿಯಲ್ಲಿ ಇಡೀ ರಾತ್ರಿ ರೊಟ್ಟಿ ಸುಟ್ಟು, ಹಗಲು ಮಲಗಿ ಬದುಕು ಕಳೆದವರಂತೆ, ಕೆಲಸ ಬಿಟ್ಟ ಮೇಲೂ ಹಗಲು ನಿದ್ದೆಯ ರೂಢಿ ಹೋಗಿಲ್ಲವಂತೆ. ಒದಿಲಕ್ಕ ಹಗಲು ನೇಯುವವಳು. ಮೂವತ್ತು ವರ್ಷದಿಂದ ಇವಳ ದುಡಿಮೆ ಅವರ ನಿದ್ದೆಯ ಮೇಲೆಯೇ ನಡೆದಿದೆ. ಇದನ್ನು ಕೇಳಿದ ಮೇಲೆ ನನಗೆ ಮುದುಕನ ಮೇಲೂ ಸಿಟ್ಟು ಮಾಡಿಕೊಳ್ಳಲು ಆಗಲಿಲ್ಲ. ಇಬ್ಬರೂ ದುಡಿದು ಉಣ್ಣುವವರೇ, ಒಬ್ಬರ ಮೇಲೊಬ್ಬರು ಇದ್ದದ್ದೇ ತಪ್ಪು.

ಶಬಾನಾಳನ್ನು ಕರೆದುಕೊಂಡು, ಕರದಂಟಿನ ಪೊಟ್ಟಣ ಹಿಡಿದು ಕೆಳಗೆ ಹೋದೆ. ಎತ್ತರದ, ಬಾಗಿದ ಮುದುಕ ಬಾಗಿಲು ತೆರೆದರು. ನಾನು ಕಲಿತಂತೆ "ಬೊಂಜೂ" ಎಂದೆ. ಅದು ಅವರ ನಮಸ್ಕಾರ, ಅಲ್ಲಿ ಆ ಮಾತಿಲ್ಲದೆ ಏನೂ ನಡೆಯದು. ಹಿಂದಿನ ದಿನ ಸಂತೆಯಲ್ಲಿ ಬೊಂಜೂ ಅನ್ನದೆ ಬೀನ್ಸ್ ಕೇಳಿದ್ದಕ್ಕೆ ಅಂಗಡಿಯಾಕೆ ನನ್ನನ್ನು ಗೋಡೆಯೆಂಬಂತೆ ನೋಡಿದ್ದಳು. ಮೆಟ್ಟಿಲ ಮೇಲೂ ಹಾಗೇ, ಬೊಂಜೂ ಅನ್ನದೆ ಯಾರೂ ಯಾರನ್ನೂ ದಾಟುವುದಿಲ್ಲ.

ಮುದುಕರು ನನ್ನ ಸೀರೆ ನೋಡಿದರು, ಪೊಟ್ಟಣ ನೋಡಿದರು, ತೆಗೆದುಕೊಂಡರು. "ಎಷ್ಟು ಹೊತ್ತಿಗೆ ಮುಗಸ್ತೀರಿ ಅಂತ ಕೇಳಾಕತ್ತಾರ್ರಿ" ಎಂದಳು ಶಬಾನಾ.

"ಆರಕ್ಕ ಮುಗಸ್ತೇವಿ ಅನ್ನು."

ಅವರು ತಲೆಯಾಡಿಸಿ ಬಾಗಿಲು ಹಾಕಿಕೊಂಡರು. ಆರಕ್ಕೆ ಐದು ನಿಮಿಷ ಇರುವಾಗಲೇ ನಾನು ಕೈ ಬಿಟ್ಟೆ. ಒದಿಲಕ್ಕ ಮುಖ ದಪ್ಪ ಮಾಡಿಕೊಂಡು ತಾನೂ ನಿಲ್ಲಿಸಿದಳು. ಗುರುವಾರವೂ ಹಾಗೆಯೇ ನಡೆಯಿತು.

ಶುಕ್ರವಾರ: ನಿಂತ ಮಗ್ಗ

ಬೆಳಿಗ್ಗೆ, ನಾನು ಉಳಿದಿದ್ದ ಒದಿಲಕ್ಕನ ಮನೆಯಲ್ಲಿ, ಲಿಂಗಪೂಜೆ ಮುಗಿಸಿ ವಿಭೂತಿ ಹಚ್ಚಿಕೊಳ್ಳುತ್ತಿದ್ದೆ. ಶಬಾನಾ ಮೇಲೆ ಬಂದಳು, ಮುಖ ಸಣ್ಣದಾಗಿತ್ತು. ಮನೆಗೆಲಸದಾಕೆ ಬಂದು ನೋಡಿದರೆ ಕೆಳಗಿನ ಮುದುಕರು ಕುರ್ಚಿಯಲ್ಲೇ ತೀರಿಕೊಂಡಿದ್ದರಂತೆ. ಡಾಕ್ಟರು ಬಂದು ಹೋದರು. ಸ್ವಲ್ಪ ಹೊತ್ತಿಗೆ ಕಪ್ಪು ಕೋಟಿನ ಇಬ್ಬರು ಬಂದು ದೇಹವನ್ನು ತೆಗೆದುಕೊಂಡು ಹೋದರು. ಯಾರ ಮನೆಯ ಬಾಗಿಲೂ ತೆರೆಯಲಿಲ್ಲ. ಅಂತ್ಯಕ್ರಿಯೆ ಬರುವ ವಾರ, ಮಗಳು ದೂರದ ಊರಿನಿಂದ ಬರಬೇಕು.

ಹತ್ತಕ್ಕೆ ಜನ ಬರುವವರಿದ್ದರು. ಒದಿಲಕ್ಕ ಮಗ್ಗದ ಧೂಳು ಒರೆಸುತ್ತಿದ್ದಳು. ನಾನು ಲಾಳಿ ತೆಗೆದು ಬಟ್ಟೆಯಲ್ಲಿ ಸುತ್ತಿಟ್ಟೆ.

"ಇವತ್ತು ನೇಯಾಕ ಆಗೂದಿಲ್ಲ" ಎಂದೆ.

ನಮ್ಮ ಓಣಿಯ ಪದ್ಧತಿ ಇದು. ಯಾರ ಮನೆಯಲ್ಲಿ ಸಾವಾದರೂ ಓಣಿಯ ಮಗ್ಗಗಳೆಲ್ಲ ನಿಲ್ಲುತ್ತವೆ. ಹೆಣ ಎತ್ತಿದ ಮೇಲೂ ಲಾಳಿ ಮುಟ್ಟುವುದಿಲ್ಲ. ಸತ್ತವರ ಮನೆಯವರೇ ಹೊರಗೆ ಬಂದು "ಮಗ್ಗ ನಡೀಲಿ" ಎನ್ನಬೇಕು. ಬೇಕಾದವರಿರಲಿ, ಮಾತು ಬಿಟ್ಟವರಿರಲಿ, ಎಲ್ಲರಿಗೂ ಅದೇ. ನನ್ನ ಗಂಡ ಹೋದಾಗ ಮಗ ಇನ್ನೂ ಸಣ್ಣವನು, ಆ ಮಾತು ಹೇಳಲು ಮನೆಯಲ್ಲಿ ಬೇರೆ ದೊಡ್ಡವರು ಇರಲಿಲ್ಲ. ನಾನೇ ಓಣಿಗಿಳಿದು ಹೇಳಿದೆ. ಗೋಡೆಯ ಜಗಳದಲ್ಲಿ ಆರು ವರ್ಷ ನಮ್ಮೊಡನೆ ಮಾತು ಬಿಟ್ಟಿದ್ದ ಎದುರು ಮನೆಯ ದಸ್ತಗೀರಸಾಬರು ತಮ್ಮ ಮಗ್ಗದ ಮುಂದೆ ಕೈಕಟ್ಟಿ ಕೂತಿದ್ದರು, ನನ್ನ ಮಾತಿಗಾಗಿ ಕಾಯುತ್ತ. ಅದನ್ನು ನಾನು ಮರೆತಿಲ್ಲ.

ಶಬಾನಾ ಇದನ್ನೆಲ್ಲ ಹೇಳಿದಳು. ಒದಿಲಕ್ಕನ ಮುಖ ಕೆಂಪಾಯಿತು. "ಮೂವತ್ತು ವರ್ಷ ಕೋಲು ಬಡದು ನನ್ನ ಮಗ್ಗ ನಿಲ್ಲಸಾಕ ಆಗಲಿಲ್ಲ, ಈಗ ಸತ್ತು ನಿಲ್ಲಿಸಿದ್ನೇನು? ನಾಳೆ ಸಭಾ ಐತಿ. ಇವತ್ತು ಜನಾ ನೋಡಲಿಲ್ಲಂದ್ರ ನನ್ನ ಮಗ್ಗ ಹೋಗ್ತೈತಿ. ಈಕಿಗೇನು, ಸೋಮವಾರ ವಿಮಾನ ಹತ್ತಿ ಹೋಗಾಕಿ."

ಮಾತು ನಿಜವೇ ಇತ್ತು. ಪರರ ಊರಿಗೆ ಬಂದು ಪರರ ಅನ್ನಕ್ಕೆ ಕಲ್ಲು ಹಾಕುತ್ತಿದ್ದೇನೆಯೇ ಎಂದು ಎರಡು ಸಲ ಯೋಚಿಸಿದೆ. ಸುತ್ತಿಟ್ಟ ಲಾಳಿಗೆ ಕೈ ಹಚ್ಚಿಯೂ ನೋಡಿದೆ. ಕೈ ಏಳಲಿಲ್ಲ.

"ಅಕ್ಕಗ ಹೇಳು," ಎಂದೆ ಶಬಾನಾಗೆ. "ಆಕಿ ಮಗ್ಗ ಆಕಿ ನಡಸ್ಲಿ, ನಾ ತಪ್ಪು ತಿಳಿಯೂದಿಲ್ಲ. ನನಗಷ್ಟ ಆಗೂದಿಲ್ಲ."

ಒದಿಲಕ್ಕ ತನ್ನ ಮಗ್ಗಕ್ಕೆ ಕೂತಳು. ಕಾಲು ಇಟ್ಟಳು, ಕೈ ಎತ್ತಿದಳು, ಹಾಗೇ ಕೂತಳು. ಆಮೇಲೆ ಕಿವಿಯ ಹಿಂದಿನ ಪೆನ್ಸಿಲ್ಲು ತೆಗೆದು ಕಿಟಕಿಯ ಕಟ್ಟೆಯ ಮೇಲೆ ಎಸೆದು, ಕಾಫಿ ಮಾಡಲು ಎದ್ದು ಹೋದಳು.

ಜನ ಬಂದರು. ಮೂವತ್ತು ಮಂದಿ ಇದ್ದಾರು, ಅರ್ಧ ಆ ಕಟ್ಟಡದವರೇ. ಇವತ್ತು ಮಗ್ಗ ಯಾಕೆ ನಿಂತಿದೆ ಎಂದು ಶಬಾನಾ ಬಾಗಿಲಲ್ಲಿ ನಿಂತು ಬಂದವರಿಗೆಲ್ಲ ಹೇಳಿದಳು. ನಾಲ್ಕನೇ ಮಹಡಿಯ ಒಬ್ಬ ಎಳೆಯ ತಾಯಿ, ಕೂಸನ್ನು ಎದೆಗೆ ಕಟ್ಟಿಕೊಂಡಿದ್ದವಳು, "ಯಾರು ತೀರಕೊಂಡ್ರು?" ಎಂದಳು. ಮೊದಲ ಮಹಡಿಯವರು ಎಂದರೆ, "ಅವರ ಹೆಸರೇನು?" ಎಂದು ಗಂಡನನ್ನು ಕೇಳಿದಳು. ಅವನಿಗೂ ಗೊತ್ತಿರಲಿಲ್ಲ. ದಿನಾ ಬೊಂಜೂ ಹೇಳಿದವರೇ ಎಲ್ಲರೂ. ಬಾಗಲಕೋಟೆಯ ಹಳೆ ಊರು ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿ ನವನಗರಕ್ಕೆ ಬಂದ ನನ್ನ ಚಿಕ್ಕಮ್ಮನೂ ಹೀಗೇ, ಪಕ್ಕದ ಮನೆಯವರನ್ನು ಎಷ್ಟೋ ವರ್ಷ ಸೆಕ್ಟರ್ ನಂಬರಿನಿಂದಲೇ ಕರೆಯುತ್ತಿದ್ದಳು. ಆದ್ದರಿಂದ ಇವರನ್ನು ಆಡಿಕೊಳ್ಳಲು ನನಗೆ ಬಾಯಿಲ್ಲ.

ಬಂದವರು ದನಿ ತಗ್ಗಿಸಿ ಕೊಂಡಿ ನೋಡಿದರು, ಕಟ್ಟೆಯ ಕುಣಿಯೊಳಗೆ ಇಣುಕಿದರು, ಹೋದರು. ಸಂಜೆ ನಾನು ಕೆಳಗೆ ಹೋದಾಗ ಮುದುಕರ ಬಾಗಿಲ ಮುಂದೆ ಎರಡು ಹೂಕುಂಡಗಳಿದ್ದವು.

ಶನಿವಾರ: ಸಭೆ

ಮುದುಕರ ಮಗಳು ಮಧ್ಯಾಹ್ನ ಬಂದಳೆಂದು ಗೊತ್ತಾಯಿತು. ಕೆಳಗೆ ಬೀರುವಿನ ಬಾಗಿಲು ತೆರೆದು ಹಾಕುವ ಸದ್ದು ಕೇಳುತ್ತಿತ್ತು. ಹೋಗಿ ಮಾತಾಡಿಸಬೇಕೆಂದರೆ ಶಬಾನಾ ತಡೆದಳು: "ಇಲ್ಲಿ ಕರೀದ ಹೋಗೂದಿಲ್ರಿ ಅಕ್ಕಾರ."

ಆರಕ್ಕೆ ಸಭೆ. ಮಾಲೀಕರಿಗೆ ಮಾತ್ರ ಪ್ರವೇಶ. ಒದಿಲಕ್ಕ ಒಳ್ಳೆಯ ಕೋಟು ಹಾಕಿಕೊಂಡು, ನನ್ನ ಕಡೆ ನೋಡದೆ ಇಳಿದು ಹೋದಳು. ಶುಕ್ರವಾರದಿಂದ ನನ್ನೊಡನೆ ಅವಳ ಮಾತು ಕಡಿಮೆಯಾಗಿತ್ತು. ಶಬಾನಾ ಮತ್ತು ನಾನು ಕೋಣೆಯಲ್ಲೇ ಉಳಿದೆವು. ಏನು ಮಾಡಲೂ ತೋಚದೆ ಕುಣಿಯೊಳಗೆ ಕಾಲು ಬಿಟ್ಟುಕೊಂಡು ಕೂತೆ, ಬಸವಣ್ಣನನ್ನು ನೆನೆದೆ. ನನ್ನ ಹಟಕ್ಕೆ ಒಬ್ಬಾಕೆಯ ಮಗ್ಗ ಬಿಚ್ಚುವಂತಾದರೆ ಯಾವ ಮುಖ ಹೊತ್ತು ಊರಿಗೆ ಹೋಗಲಿ ಎಂಬುದೊಂದೇ ಚಿಂತೆ.

ಏಳು ದಾಟಿದ ಮೇಲೆ ಮೆಟ್ಟಿಲ ಮೇಲೆ ಇಬ್ಬರ ಹೆಜ್ಜೆ ಕೇಳಿತು. ಒದಿಲಕ್ಕನ ಹಿಂದೆ ಐವತ್ತು ದಾಟಿದ ಒಬ್ಬ ಹೆಂಗಸು, ತಂದೆಯಂತೆಯೇ ಎತ್ತರ. ಕೈಯಲ್ಲಿ ಮಡಚಿದ ಕಾಗದ.

ಒದಿಲಕ್ಕ ಕುರ್ಚಿಯಲ್ಲಿ ಕುಸಿದು ಕೂತು ಬಹಳ ಹೊತ್ತು ಮಾತಾಡಿದಳು. ಶಬಾನಾ ಒಂದೊಂದೇ ಹೇಳಿದಳು. ಮಗಳು ಮೊದಲು ತಂದೆಯ ಅರ್ಜಿಯನ್ನು ಪೂರ್ತಿ ಓದಿದಳಂತೆ, ಒಂದಕ್ಷರ ಬಿಡದೆ. ಮಗ್ಗ ಬೇಡ, ನನಗೆ ಮಲಗಲು ಬಿಡಿ ಎಂದೇ ಅದರಲ್ಲಿತ್ತು. ಓದಿ ಮುಗಿಸಿ, "ಇದು ನಮ್ಮಪ್ಪನ ಮಾತು, ನಿಮಗ ಮುಟ್ಟಿಸಿದೆ. ಈಗ ನಮ್ಮಪ್ಪನ ಮನಿ ಪರವಾಗಿ ಎತ್ತೂ ಕೈ ನಂದು. ನಮ್ಮಪ್ಪ ಹ್ವಾದ ದಿನ ಈ ಕಟ್ಟಡದಾಗ ಕೆಲಸಾ ನಿಲ್ಲಿಸಿದ್ದು ಈಕಿ ಮನಿ ಒಂದ ಅಂತ ನೀವ ಹೇಳೀರಿ" ಎಂದು ಕೈ ಎತ್ತಿದಳಂತೆ. ಆಮೇಲೆ ಕೂಸಿನ ತಾಯಿ ಎತ್ತಿದಳು. ಆಮೇಲೆ ಇನ್ನೂ ಕೆಲವರು. ಮಗ್ಗ ಉಳಿಯಿತು. ಬೆಳಿಗ್ಗೆ ಒಂಬತ್ತರಿಂದ ಹನ್ನೆರಡು, ಮಧ್ಯಾಹ್ನ ಎರಡರಿಂದ ಆರು, ಆಮೇಲೆ ಸಪ್ಪಳ ಮಾಡುವಂತಿಲ್ಲ.

ಒದಿಲಕ್ಕ ನನ್ನ ಅಂಗೈ ಹಿಡಿದುಕೊಂಡಳು.

ಮಗಳು ನನ್ನ ಮಗ್ಗ ನೋಡುತ್ತ ನಿಂತಿದ್ದಳು. ಏನೋ ಕೇಳಿದಳು.

"ಇನ್ನೂ ಯಾಕ ಸುಮ್ನ ಕುಂತೀರಿ ಅಂತಾರ್ರಿ."

"ನಿಮ್ಮ ಮನಿಯವರು ಹೇಳಬೇಕ್ರಿ. ಅಲ್ಲಿ ತನಕಾ ನಾವು ಹಚ್ಚೂದಿಲ್ಲ" ಎಂದೆ. ಶಬಾನಾ ಅದನ್ನು ಫ್ರೆಂಚಿನಲ್ಲಿ ಹೇಳಲು ಬಹಳ ಹೊತ್ತು ತೆಗೆದುಕೊಂಡಳು.

ಏನೆಂದು ಹೇಳಬೇಕು ಎಂದು ಕೇಳಿದಳು ಮಗಳು. ಶಬಾನಾ ಹೇಳಿಕೊಟ್ಟಳು. ಎರಡು ಸಲ ತುಟಿಯಲ್ಲೇ ಅಂದುಕೊಂಡು, ನನ್ನ ಎದುರು ನೆಟ್ಟಗೆ ನಿಂತು, ಶಾಲೆಯ ಹುಡುಗಿಯಂತೆ ಹೇಳಿದಳು: "ಮಗ್ಗ ನಡೀಲಿ."

ನಾನು ಲಾಳಿ ಬಿಚ್ಚಿದೆ. ಒದಿಲಕ್ಕ ಗಾಬರಿಯಾಗಿ ಗೋಡೆಯ ಗಡಿಯಾರ ತೋರಿಸಿದಳು. ಏಳೂವರೆ ಆಗಿತ್ತು, ಆರರ ನಂತರ ಕೂಡದೆಂದು ಈಗಷ್ಟೇ ಸಹಿ ಹಾಕಿ ಬಂದಿದ್ದಳು. ಮಗಳು ಗಡಿಯಾರ ನೋಡಿದಳು, ನೆಲ ನೋಡಿದಳು, ಸಣ್ಣ ದನಿಯಲ್ಲಿ ಒಂದು ಮಾತು ಹೇಳಿದಳು.

ಶಬಾನಾ ನನ್ನ ಕಡೆ ತಿರುಗಿದಳು. "ಇವತ್ತು ಕೆಳಗ ಯಾರೂ ಇಲ್ಲ, ಅಂತಾರ್ರಿ."

ನಾನು ಲಾಳಿ ಎಸೆದೆ. ಮಗಳು ಹಲಗೆಯ ಕಟ್ಟೆಗೆ ಬೆನ್ನು ಕೊಟ್ಟು ನೆಲಕ್ಕೆ ಕೂತು, ಮುಖ ಮುಚ್ಚಿಕೊಂಡು ಅಳತೊಡಗಿದಳು. ಮಗ್ಗದ ಸಪ್ಪಳದಲ್ಲಿ ಅತ್ತರೆ ಹೊರಗೆ ಯಾರಿಗೂ ಕೇಳುವುದಿಲ್ಲ, ಅದು ನಮ್ಮ ಓಣಿಯ ಹೆಂಗಸರಿಗೆಲ್ಲ ಗೊತ್ತು. ಆದ್ದರಿಂದ ಕೈ ನಿಲ್ಲಿಸಲಿಲ್ಲ. ಆಕೆಯ ಅಳು ಮುಗಿಯುವವರೆಗೆ ನೇಯ್ದೆ. ಗೇಣುದ್ದ ಸೆರಗಾಯಿತು.